ದುಂಡಮ್ಮನ ಲಾಗಿನ ಕೊನೆಯ ಕಾಲಂ

ಖೂಬಾ ಪ್ಲಾಟ್, ಕಲಬುರಗಿ
೨೬ ಫೆಬ್ರುವರಿ ೨೦೨೫

ದುಂಡಮ್ಮಕ್ಕ ಅವರಿಗೆ ವಿವೇಕಾನಂದನ ಶರಣು.

ಮೊದಲು ಒಂದು ತಕರಾರು. ಫೋನು ಮಾಡಿದರೆ "ಲಾಗಿನ ವಿಚಾರ ಇದ್ರ ಬರ್ದು ಕಳಿಸು" ಎಂದು ಇಟ್ಟುಬಿಡುತ್ತೀರಿ. ವಾಟ್ಸ್ಯಾಪ್ ನೋಡುವುದಿಲ್ಲ. ರೇಡಿಯೊದಲ್ಲೇ ಕೇಳೋಣವೆಂದರೆ ನಮ್ಮ ಹವ್ಯಾಸಿ ರೇಡಿಯೊದವರ ತರಂಗ ಬಳಗದ ಇಪ್ಪತ್ತೆರಡು ಜನರ ಕಿವಿ ಅಲ್ಲೇ ಇರುತ್ತದೆ. ಹೀಗಾಗಿ ಸ್ವಂತ ರೇಡಿಯೊ ಸ್ಟೇಷನ್ ಇರುವ ಒಬ್ಬ ಮನುಷ್ಯ ಇನ್ನೊಂದು ರೇಡಿಯೊ ಸ್ಟೇಷನ್ನಿಗೆ ಅಂಚೆ ಚೀಟಿ ಹಚ್ಚಿ ಕಾಗದ ಹಾಕುತ್ತಿದ್ದಾನೆ. ನನ್ನ ಹೆಂಡತಿ ಪ್ರೀತಿ ನಗುತ್ತಿದ್ದಾಳೆ.

ಈಗ ಸುದ್ದಿ. ನಮ್ಮ ಲಾಗ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದೆ. ಯಾರ ಜೊತೆ, ಎಷ್ಟು ಹೊತ್ತಿಗೆ ಮಾತಾಡಿದೆವು ಎಂದು ನೀವು ನೋಟ್‌ಬುಕ್ಕಿನಲ್ಲಿ ಗೀಚುವುದೆಲ್ಲ ಇನ್ನು ಅದರ ಕೆಲಸ. ಕಾಲ್‌ಸೈನಿನ (ಲೈಸೆನ್ಸಿನ ಜೊತೆ ಸಿಕ್ಕ ಗುರುತಿನ) ಮೂರು ಅಕ್ಷರ ಒತ್ತಿದರೆ ಹೆಸರು, ಊರು ತಾನೇ ತುಂಬಿಕೊಳ್ಳುತ್ತದೆ. ಒಂದೇ ತಾಸಿನಲ್ಲಿ ಮಾತಾಡಿದವರ ಜೊತೆ ಮತ್ತೆ ಮಾತಾಡಿದರೆ ಸಾಲು ಕೆಂಪಗಾಗುತ್ತದೆ. ವೇಳೆ ತಪ್ಪಿದ್ದರೆ ಇಡೀ ಲಾಗನ್ನು ಒಂದೇ ಗುಂಡಿಯಲ್ಲಿ ಹಿಂದಕ್ಕೋ ಮುಂದಕ್ಕೋ ಸರಿಸಬಹುದು. ನನ್ನ ಲಾಗಿನಲ್ಲಿ ನೀವು, ನಿಮ್ಮ ಲಾಗಿನಲ್ಲಿ ನಾನು ಇದ್ದೇವೆಯೇ ಎಂದು ಅದೇ ತಾಳೆ ನೋಡಿ, ಹೊಂದದ ಸಾಲನ್ನೂ ಕೆಂಪು ಮಾಡುತ್ತದೆ. ಟಿಪ್ಪಣಿಯ ಕಾಲಂ ಇನ್ನು ಮೇಲೆ ಬಳಗದ ಎಲ್ಲರಿಗೂ ಕಾಣುತ್ತದೆ. ನನಗೆ ಬಹಳ ಹಿಡಿಸಿದ್ದು 'ಇತಿಹಾಸ' ಎಂಬ ಗುಂಡಿ. ಯಾರು, ಯಾವ ದಿನ, ಎಷ್ಟು ಹೊತ್ತಿಗೆ ಏನು ಬದಲಾಯಿಸಿದರು ಎಂಬುದೆಲ್ಲ ಅದರಲ್ಲಿ ಕೂತಿರುತ್ತದೆ. ಬ್ರಹ್ಮ ಬಂದರೂ ಅಳಿಸಲಾರ. ಒಂದು ಕಿವಿಮಾತು: ಹತ್ತು ಸಾಲಿಗೊಮ್ಮೆ ಸೇವ್ ಮಾಡಬೇಕು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಡಬೇಕು. ನೋಟ್‌ಬುಕ್ಕಿನವರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು!

ಮೊನ್ನೆ ಭಾನುವಾರದ 'ಬಯಲು ದಿನ'ದ ಸ್ಪರ್ಧೆಯ ಲಾಗನ್ನು ಬೇಗ ಕಳಿಸಿರಿ. ಕಾಗದದಲ್ಲಿ ಬರೆದ ಏಳು ಜನರದ್ದನ್ನು ನಾನೇ ಟೈಪ್ ಮಾಡುತ್ತೇನೆ. ಮನೆ ಬಿಟ್ಟು, ಬರೀ ಬ್ಯಾಟರಿಯಲ್ಲಿ ಮಾತಾಡಿದವರಿಗೆ ಈ ಸಲ ಎರಡು ಪಟ್ಟು ಅಂಕ. ನಾನು ಕೋಟೆಯ ಕಂದಕದ ಪಕ್ಕದ ಬಯಲಿನಲ್ಲಿ ಆಂಟೆನಾ ನೆಟ್ಟು ಐವತ್ತೆಂಟು ಸಂಪರ್ಕ ಮಾಡಿದೆ. ಬಿಸಿಲಿಗೆ ಮೂಗು ಸುಲಿದಿದೆ.

ನಮ್ಮ ರೇಡಿಯೊ ಮಂದಿಯ ನಮಸ್ಕಾರ, ಎಪ್ಪತ್ಮೂರು.
ನಿಮ್ಮಿಂದ ಮೋರ್ಸ್ ಸಂಕೇತ ಕಲಿತ,
ವಿವೇಕಾನಂದ

*

ಕಮಲಾಪುರ
೧ ಮಾರ್ಚ್ ೨೦೨೫

ತಮ್ಮ ವಿವೇಕಾನಂದನಿಗೆ ದುಂಡಮ್ಮನ ಆಶೀರ್ವಾದ.

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು, ಯಂತ್ರ ಬರುವ ತನಕ ಊರ ಮಂದಿಯ ಮಾತು ಜೋಡಿಸಿದವಳು ನಾನು. ಇವತ್ತು ಫೋನಿನಲ್ಲಿ ಆಣೆ ಮಾಡಿ ನಾಳೆ "ನಾ ಯಾವಾಗ ಅಂದೀನಿ?" ಎನ್ನುವವರನ್ನು ಬೇಕಾದಷ್ಟು ಕಂಡಿದ್ದೇನೆ. ಲಾಗಿನ ವಿಚಾರ ಕಾಗದದ ಮೇಲೇ ಇರಲಿ. ಅಂಚೆ ಚೀಟಿಗೆ ನಿನ್ನ ಬೇಳೆ ಮಿಲ್ಲೇನೂ ಮುಳುಗುವುದಿಲ್ಲ.

ಲಾಗಿನ ಝೆರಾಕ್ಸ್ ಇಟ್ಟಿದ್ದೇನೆ. ನಲವತ್ತೊಂದು ಸಂಪರ್ಕ. ಎಲ್ಲವೂ ನಮ್ಮ ಮಾಳಿಗೆ ಮೇಲಿನ ಆಂಟೆನಾದಿಂದಲೇ, ಮನೆಯ ಕರೆಂಟಿನಿಂದಲೇ. ಎರಡು ಪಟ್ಟು ಅಂಕದ ಆಸೆಗೆ ಈ ಮೊಣಕಾಲು ತೆಗೆದುಕೊಂಡು ಬಯಲಿಗೆ ಹೋಗುವವಳಲ್ಲ ನಾನು.

ಹೆಸರು ತಾನೇ ತುಂಬಿಕೊಳ್ಳುತ್ತದೆ ಎಂದು ಬರೆದಿದ್ದಿ. ತಾನೇ ತುಂಬಿದರೆ ಕೇಳುವವರು ಯಾರು? ನನ್ನ ಲಾಗಿನ ಕೊನೆಯ ಕಾಲಂ ನೋಡಿ ನೀವೆಲ್ಲ ನಗುತ್ತೀರಿ, ಗೊತ್ತು. ಮಾತಿನ ಹಿಂದೆ ಏನು ಕೇಳಿಸಿತು ಎಂದು ಅದರಲ್ಲಿ ಬರೆಯುತ್ತೇನೆ. ಎಕ್ಸ್‌ಚೇಂಜಿನ ಚಾಳಿ. ಎರಡು ವರ್ಷದ ಹಿಂದೆ, ಬೆಳಿಗ್ಗೆ ಏಳಕ್ಕೆ ನಾನು ರೇಡಿಯೊದಲ್ಲಿ ಬಳಗದವರ ಹಾಜರಿ ಕರೆಯುವಾಗ, ದೌಲಪ್ಪ ಕಾಕಾ "ಹಾಜರ್" ಎಂದಾಗ ಆ ಕಾಲಂನಲ್ಲಿ 'ಉಸಿರು ಭಾರ' ಎಂದು ಬರೆದೆ. ಬರೆದ ಮೇಲೆ ಸುಮ್ಮನಿರಲಾಗದೆ ಅವರ ಪಕ್ಕದ ಮನೆಗೆ ಫೋನು ಹಚ್ಚಿದೆ. ಅರ್ಧ ತಾಸು ತಡವಾಗಿದ್ದರೆ ಕಾಕಾ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ನಿನ್ನ ಸಾಫ್ಟ್‌ವೇರಿಗೆ ಉಸಿರು ಕೇಳಿಸುತ್ತದೆಯೋ?

ಇನ್ನೊಂದು. ತಪ್ಪು ಬರೆದರೆ ನಾನು ಅಳಿಸುವುದಿಲ್ಲ. ಒಂದೇ ಗೆರೆ ಎಳೆದು, ಕೆಳಗಿನ ಅಕ್ಷರ ಕಾಣುವ ಹಾಗೆ ಬಿಟ್ಟು, ಪಕ್ಕದಲ್ಲಿ ಸಹಿ ಹಾಕುತ್ತೇನೆ. ನಿನಗೂ ಹಾಗೇ ಕಲಿಸಿದ್ದೆ. ಮರೆತಿಲ್ಲ ತಾನೆ?

ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೆಂಪು ಬಾಳೆಹಣ್ಣು ಕಳಿಸಿದ್ದೇನೆ. ಪ್ರೀತಿಗೆ ಕೊಡು. ಒಬ್ಬನೇ ತಿನ್ನಬೇಡ.

ಎಪ್ಪತ್ಮೂರು.
ದುಂಡಮ್ಮ

*

ಖೂಬಾ ಪ್ಲಾಟ್, ಕಲಬುರಗಿ
೧೦ ಮಾರ್ಚ್ ೨೦೨೫

ದುಂಡಮ್ಮಕ್ಕ ಅವರಿಗೆ ಶರಣು.

ಹಣ್ಣು ಬಂದವು. ಎಲ್ಲರೂ ತಿಂದೆವು.

ಈ ಪತ್ರವನ್ನು ಹೇಗೆ ಬರೆಯಬೇಕೋ ತಿಳಿಯದೆ ಎರಡು ಸಲ ಹರಿದು ಹಾಕಿದೆ. ತಾಳೆ ನೋಡಿದಾಗ ನಿಮ್ಮ ನಲವತ್ತೊಂದು ಸಂಪರ್ಕಗಳಲ್ಲಿ ಒಂದೂ ಹೊಂದಲಿಲ್ಲ. ಪೂರ್ತಿ ಹಾಳೆ ಕೆಂಪು. ನೀವು ಮಾತಾಡಿದೆನೆಂದು ಬರೆದ ಹೊತ್ತಿನಲ್ಲಿ ಬೇರೆ ಯಾರ ಲಾಗಿನಲ್ಲೂ ನೀವಿಲ್ಲ. ಕಾಗದದವರು ಗೋಡೆ ಗಡಿಯಾರ ನೋಡಿ ಬರೆಯುತ್ತೀರೆಂದು ಗೊತ್ತಿದ್ದುದರಿಂದ, ಏಳೂ ಲಾಗುಗಳನ್ನು ಒಂದೇ ಗುಂಡಿಯಲ್ಲಿ ಐದೂವರೆ ತಾಸು ಹಿಂದಕ್ಕೆ ಸರಿಸಿ ಲೋಕದ ರೇಡಿಯೊದವರೆಲ್ಲ ಲಾಗಿಗೆ ಬಳಸುವ ವಿಶ್ವ ವೇಳೆಗೆ ತಂದಿದ್ದೆ. ಉಳಿದ ಆರು ಸರಿಯಾಗಿ ಕೂತವು. ಅಷ್ಟು ಅನುಕೂಲ ಮಾಡಿಕೊಟ್ಟರೂ ನಿಮ್ಮದು ಕೂಡಲಿಲ್ಲ.

ನಿನ್ನೆ ಸಮಿತಿ ಸೇರಿತ್ತು. ನೂರಕ್ಕೆ ತೊಂಬತ್ತಾದರೂ ಹೊಂದದ ಲಾಗನ್ನು ತಡೆಹಿಡಿಯಬೇಕೆಂಬುದು ನಿಯಮ. ಬೆಳಗಿನ ಹಾಜರಿ ಕರೆಯುವವರ ಲಾಗು ಶುದ್ಧವಿರಬೇಕೆಂಬುದೂ ನಿಯಮ. ಹೀಗಾಗಿ ಯುಗಾದಿಯಿಂದ ಏಳು ಗಂಟೆಯ ಹಾಜರಿಯನ್ನು ನಮ್ಮ ಬಳಗದ ಗೌತಮನಿಗೆ ಕೊಡಬೇಕೆಂದು ಠರಾವಾಯಿತು. ಅಧ್ಯಕ್ಷರಾದ ಭೀಮಶಾ ಕಾಕಾ ಎಲ್ಲರಿಗಿಂತ ಕೊನೆಗೆ ಸಹಿ ಹಾಕಿದರು. ಹಾಕುತ್ತ, "ಆಕಿ ಸುಳ್ಳ ಬರಿಯಾಕಿ ಅಲ್ಲಪಾ. ಆದ್ರ ಮಷೀನ್ ಹಿಂಗ ತೋರ್ಸಾಕತ್ತದ, ಏನ್ ಮಾಡೂಣು?" ಎಂದರು.

ಯಾರೂ ನಿಮ್ಮನ್ನು ಸುಳ್ಳು ಬರೆದವರು ಎನ್ನುತ್ತಿಲ್ಲ. ಹನ್ನೊಂದು ವರ್ಷ ಒಂದು ದಿನ ತಪ್ಪದೆ ಹಾಜರಿ ಕರೆದಿರಿ. ಅರವತ್ಮೂರರ ಮೇಲೆ ಕಣ್ಣು, ಕೈ ತಪ್ಪುವುದು ಸಹಜ. ಇನ್ನು ಬೆಳಿಗ್ಗೆ ಚಹಾ ಕುಡಿಯುತ್ತ ಆರಾಮವಾಗಿ ನಮ್ಮನ್ನು ಕೇಳಿಸಿಕೊಳ್ಳಿರಿ.

ಎಪ್ಪತ್ಮೂರು.
ವಿವೇಕಾನಂದ

*

ಕಮಲಾಪುರ
೧೩ ಮಾರ್ಚ್ ೨೦೨೫

ವಿವೇಕಾನಂದನಿಗೆ,

ನನ್ನ ಚಹಾದ ಚಿಂತೆ ನಿನಗೆ ಬೇಡ.

ನನ್ನ ಸೆಟ್ಟಿನ ಮೇಲೆ ಎರಡು ಗಡಿಯಾರ ಇವೆ. ನೀನು ಮೋರ್ಸ್ ಕಲಿಯಲು ಬಂದಾಗ "ಇದ್ಯಾಕ ಅಕ್ಕಾ, ಎಡ್ಡೆಡ್ಡ ಗಡಿಯಾರ? ಒಂದು ಕೆಟ್ಟದೇನು?" ಎಂದು ಕೇಳಿದ್ದಿ. ಒಂದು ಕಮಲಾಪುರದ್ದು, ಇನ್ನೊಂದು ಲೋಕದ್ದು ಎಂದು ಹೇಳಿದ್ದೆ. ಲೈಸೆನ್ಸು ಬಂದ ದಿನದಿಂದ ನಾನು ಲಾಗಿನಲ್ಲಿ ಬರೆಯುವುದು ವಿಶ್ವ ವೇಳೆಯನ್ನೇ. ಐದೂವರೆ ತಾಸು ಕಳೆದೇ ಬರೆದದ್ದರಲ್ಲಿ ನೀನು ಇನ್ನೊಮ್ಮೆ ಐದೂವರೆ ತಾಸು ಕಳೆದಿದ್ದಿ. ನನ್ನ ಮೊದಲ ಸಂಪರ್ಕ ೦೦:೩೨ಕ್ಕೆ, ಅಂದರೆ ಭಾನುವಾರ ಬೆಳಿಗ್ಗೆ ಆರು ಗಂಟೆ ಎರಡು ನಿಮಿಷಕ್ಕೆ. ನಿನ್ನ ಗುಂಡಿ ಅದನ್ನು ಶನಿವಾರಕ್ಕೆ ಒಯ್ದು ಕೂಡಿಸಿದೆ. ಸ್ಪರ್ಧೆ ಶುರುವಾಗುವ ಮೊದಲೇ ಈ ಮುದುಕಿ ಮಾತಿಗಿಳಿದಿದ್ದು ಹೇಗೆಂದು ಸಮಿತಿಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲವೇ? ತಾರೀಖು ಕೂಡ ನೋಡಲಿಲ್ಲವೇ? ಇಲ್ಲಾ, ವಯಸ್ಸು ನೋಡಿ ಅಷ್ಟಕ್ಕೇ ಸಮಾಧಾನವಾಯಿತೇ?

ಸಾಕ್ಷಿ ಬೇಕಿದ್ದರೆ ಕೊನೆಯ ಕಾಲಂ ಓದು. ಟೈಪ್ ಮಾಡುವಾಗ ಅದನ್ನು ಬಿಟ್ಟಿರುತ್ತಿ. ೦೩:೧೦ಕ್ಕೆ ಗೌತಮನ ಹಿಂದೆ ಕುಕ್ಕರು ಮೂರು ಸೀಟಿ ಹೊಡೆದಿದೆ. ಭಾನುವಾರ ಬೆಳಿಗ್ಗೆ ಎಂಟು ನಲವತ್ತಕ್ಕೆ ಬೇಳೆ ಇಟ್ಟಿದ್ದರೋ ಇಲ್ಲವೋ ಅವನ ಮನೆಯಲ್ಲಿ ಕೇಳು. ೦೭:೧೫ಕ್ಕೆ ಭೀಮಶಾ ಅವರ ಹಿಂದೆ ಮಧ್ಯಾಹ್ನದ ಅಜಾನ್ ಕೇಳಿದೆ. ನಿನ್ನ ಗುಂಡಿಯ ಲೆಕ್ಕಕ್ಕೆ ಅದು ಬೆಳಿಗ್ಗೆ ಏಳೂಕಾಲು, ಅಷ್ಟು ಹೊತ್ತಿಗೆ ಯಾವ ಮಸೀದಿಯಲ್ಲಿ ಮಧ್ಯಾಹ್ನದ ಅಜಾನ್ ಆಗುತ್ತದೆ?

೦೮:೩೦ರ ಸಾಲನ್ನೂ ಓದು. ಅದರಲ್ಲಿರುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನೀನೇ ಓದಿಕೋ.

ಲಾಗನ್ನು ಐದೂವರೆ ತಾಸು ಮುಂದಕ್ಕೆ ಸರಿಸು. ಗುಂಡಿ ಇದೆ ಎಂದು ನೀನೇ ಬರೆದಿದ್ದಿ. ಹಾಜರಿಯನ್ನು ನಾನು ಬಿಡುವುದಿಲ್ಲ. ಕಣ್ಣು, ಕೈ, ಕಿವಿ ಮೂರೂ ನೆಟ್ಟಗಿವೆ.

ಎಪ್ಪತ್ಮೂರು.
ದುಂಡಮ್ಮ

*

ಖೂಬಾ ಪ್ಲಾಟ್, ಕಲಬುರಗಿ
೨೦ ಮಾರ್ಚ್ ೨೦೨೫

ಸನ್ಮಾನ್ಯ ದುಂಡಮ್ಮ ಅವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ. ಮಿಲ್ಲಿನಲ್ಲಿ ತೊಗರಿಯ ಹಂಗಾಮು.

ತಾವು ಹೇಳಿದಂತೆ ವೇಳೆಯನ್ನು ಮುಂದಕ್ಕೆ ಸರಿಸಲು ಪ್ರಯತ್ನಿಸಿದೆ. ಒಮ್ಮೆ ಸೇವ್ ಮಾಡಿದ ಲಾಗನ್ನು ಸಾಫ್ಟ್‌ವೇರು ಮತ್ತೆ ಸರಿಸಲು ಒಪ್ಪುತ್ತಿಲ್ಲ. ಹೊಸ ಆವೃತ್ತಿಯಲ್ಲಿ ಇಂಥ ಸಣ್ಣಪುಟ್ಟ ದೋಷಗಳಿರುತ್ತವೆ. ಮುಂದಿನ ಆವೃತ್ತಿಯಲ್ಲಿ ಸರಿಯಾದೀತು.

ಒಂದು ದಾರಿ ಇದೆ. ತಮ್ಮ ಲಾಗನ್ನು ಹೊಸದಾಗಿ, ಕೊನೆಯ ಕಾಲಂ ಇಲ್ಲದೆ, ಒಂದು ಹಾಳೆಯಲ್ಲಿ ಬರೆದು ಕಳಿಸಿದರೆ ಮೊದಲಿನದನ್ನು ತೆಗೆದು ಅದನ್ನು ಸೇರಿಸಬಹುದು. ಉದ್ದದ ಟಿಪ್ಪಣಿಗಳಿಂದಲೇ ತೊಡಕಾಗಿರಬಹುದೆಂದು ನನ್ನ ಅಂದಾಜು. ಅಲ್ಲದೆ ಆ ಕಾಲಂ ಈಗ ಎಲ್ಲರಿಗೂ ಕಾಣುತ್ತದೆ. ಒಬ್ಬರ ಮನೆಯ ಕುಕ್ಕರು ಇನ್ನೊಬ್ಬರಿಗೆ ಯಾಕೆ? ಕೇಳಿಸಿದ್ದೆಲ್ಲ ಬರೆಯುವಂಥದ್ದಲ್ಲ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಇಷ್ಟು ಮಾಡಿದರೆ ಹಾಜರಿಯ ವಿಷಯವನ್ನೂ ಸಮಿತಿಯಲ್ಲಿ ನಾನೇ ಮಾತಾಡಿ ಸರಿಪಡಿಸುತ್ತೇನೆ.

ಎಲ್ಲರ ಲಾಗು ಕೂಡಿಸಿದ ಪೆನ್‌ಡ್ರೈವನ್ನು ಸದಸ್ಯರೆಲ್ಲರಿಗೂ ಕಳಿಸಬೇಕೆಂದು ಭೀಮಶಾ ಅವರು ಅಪ್ಪಣೆ ಮಾಡಿದ್ದಾರೆ. ತಮ್ಮ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ತಮ್ಮಲ್ಲಿ ಕಂಪ್ಯೂಟರ್ ಇಲ್ಲದ್ದರಿಂದ ಸುಮ್ಮನೆ ಇಟ್ಟುಕೊಂಡರೂ ಸಾಕು.

ಎಪ್ಪತ್ಮೂರು.
ವಿವೇಕಾನಂದ

*

ಕಮಲಾಪುರ
೨೪ ಮಾರ್ಚ್ ೨೦೨೫

ಶ್ರೀ ವಿವೇಕಾನಂದ ಅವರಿಗೆ,

ನೀನು 'ತಮ್ಮ', 'ತಾವು' ಎಂದು ಬರೆದಾಗಲೇ ನನಗೆ ವಾಸನೆ ಬಂತು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ನೀನು ನನ್ನನ್ನು ಸನ್ಮಾನ್ಯ ಎಂದವನಲ್ಲ.

ನನ್ನಲ್ಲಿ ಕಂಪ್ಯೂಟರ್ ಇಲ್ಲ, ನಿಜ. ಬಸ್‌ಸ್ಟ್ಯಾಂಡಿನ ಎದುರು ಮಸ್ತಾನಬಿಯ ಝೆರಾಕ್ಸ್ ಅಂಗಡಿ ಇದೆ. ಪಹಣಿ ತೆಗೆಯುವವರು, ಪಿಂಚಣಿಯವರು, ಎಲ್ಲರ ನಡುವೆ ಸ್ಟೂಲು ಹಾಕಿಕೊಂಡು ಕೂತೆ. ನೀನು ಮೊದಲ ಪತ್ರದಲ್ಲಿ ಬರೆದ ಉಪದೇಶವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಗುಂಡಿ ಒತ್ತಿಸಿದೆ. ಬಹಳ ಚೆನ್ನಾಗಿ ವಿವರಿಸಿದ್ದಿ. ಮಸ್ತಾನಬಿಗೆ ಎಲ್ಲೂ ತೊಡಕಾಗಲಿಲ್ಲ.

"ಅಮ್ಮಾ, ಇಲ್ಲಿ 'ಇತಿಹಾಸ' ಅಂತ ಅದ ನೋಡ್ರಿ. ಒತ್ತಲೇನ್ರೀ?" ಎಂದಳು.

"ಒತ್ತವ್ವ. ಅದನ್ನ ನೋಡಾಕ ಬಂದೀನಿ."

"ಯಾ ಅಲ್ಲಾ! ನಿಮ್ಮ ಹೆಸರಿನ ಮುಂದ ಇಷ್ಟ್ ಉದ್ದ ಅದ. ಓದ್ಲಿ?"

"ಸಾವಕಾಶ ಓದು. ನಾ ಬರ್ಕೋತೀನಿ."

ಬರೆದುಕೊಂಡೆ. ನೀನೂ ಓದು. ಮಾರ್ಚ್ ಹದಿನಾರು, ಭಾನುವಾರ, ಬೆಳಿಗ್ಗೆ ೧೧:೪೨. ವಿವೇಕಾನಂದ. ದುಂಡಮ್ಮನ ಲಾಗು, ನಲವತ್ತೊಂದು ಸಾಲು, ಐದೂವರೆ ತಾಸು ಮುಂದಕ್ಕೆ. ಹೊಂದಿದ್ದು ಮೂವತ್ತೊಂಬತ್ತು. ಕೆಳಗಿನ ಸಾಲು: ಅದೇ ದಿನ ೧೧:೫೧. ವಿವೇಕಾನಂದ. ನಲವತ್ತೊಂದು ಸಾಲು, ಐದೂವರೆ ತಾಸು ಹಿಂದಕ್ಕೆ. ಹೊಂದಿದ್ದು ಸೊನ್ನೆ.

ಒಂಬತ್ತು ನಿಮಿಷ ನಿನ್ನ ಕಂಪ್ಯೂಟರಿನಲ್ಲಿ ನಾನು ಸತ್ಯವಂತಳಾಗಿದ್ದೆ. ಆ ಒಂಬತ್ತು ನಿಮಿಷದಲ್ಲಿ ನೀನು ನನ್ನ ೦೮:೩೦ರ ಸಾಲು ಓದಿದ್ದಿ.

ಇಲ್ಲಿಯವರೆಗೆ ನಾನೇ ದಡ್ಡಿ. ನೀವೆಲ್ಲ ನನ್ನನ್ನು ಕೈಲಾಗದವಳು ಎಂದುಕೊಂಡಿದ್ದೀರಿ, ಅದಕ್ಕೇ ಹಾಜರಿ ಕಸಿಯುತ್ತಿದ್ದೀರಿ ಎಂದು ತಿಳಿದು ಮೂರು ದಿನ ಊಟ ಸೇರದೆ ಇದ್ದೆ. ನಿನಗೆ ನನ್ನ ಕಿವಿ ಚುರುಕಿರುವುದೇ ತೊಂದರೆ ಎಂದು ಹೊಳೆಯಲಿಲ್ಲ.

ಈಗ ಬರೆಯುತ್ತೇನೆ, ಕೇಳು. ಆ ಭಾನುವಾರ ೦೮:೩೦ಕ್ಕೆ, ಮಧ್ಯಾಹ್ನ ಎರಡಕ್ಕೆ, ನೀನು "ಕೋಟಿ ಬಯಲಿಂದ, ಬ್ಯಾಟರಿ ಮ್ಯಾಲ" ಎಂದು ಹೇಳಿದಿ. ನಿನ್ನ ದನಿಯ ಹಿಂದೆ ಬೇಳೆ ಒಡೆಯುವ ಯಂತ್ರದ ಗಡಗಡ ಇತ್ತು. ಆಮೇಲೆ ನಂದೂರಿನ ನಿಮ್ಮ ಮಿಲ್ಲಿನ ಸೈರನ್ ಕೂಗಿತು. ಪಾಳಿ ಬದಲಾಗುವಾಗ ಮೊದಲು ಗಂಟಲು ಕೆಟ್ಟವರಂತೆ ಕೆಮ್ಮಿ ಆಮೇಲೆ ಕೂಗುವ ಆ ಸೈರನ್ನು ನಿಮ್ಮದೊಂದೇ. ನೀನು ಎಷ್ಟು ಸಲ ಮಿಲ್ಲಿನಿಂದ ಹಾಜರಿ ಕೊಟ್ಟಿಲ್ಲ? ಕೇಳಿಸಿದ್ದನ್ನು ಬರೆದೆ. 'ಹಿಂದೆ ಮಿಲ್ಲಿನ ಸೈರನ್.' ಅಷ್ಟೇ. ನೀನು ಎಲ್ಲಿದ್ದಿ, ಎಲ್ಲಿಲ್ಲ ಎಂದು ಬರೆಯಲಿಲ್ಲ. ಯಾರಿಗೂ ಹೇಳಲಿಲ್ಲ. ನಮ್ಮ ಹುಡುಗ, ತಾನೇ ಸರಿ ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ನೀನು ನನ್ನನ್ನೇ ಸರಿ ಮಾಡಲು ಹೊರಟಿ.

ಹೊಸ ಹಾಳೆ ಬರೆದುಕೊಡುವುದಿಲ್ಲ. ಕೊನೆಯ ಕಾಲಂ ತೆಗೆಯುವುದಿಲ್ಲ, ಅದರ ಒಂದು ಅಕ್ಷರವನ್ನೂ ಬಿಡುವುದಿಲ್ಲ. ಹೊಂದದೆ ಉಳಿದ ಎರಡು ಸಾಲು ನನ್ನದೇ ತಪ್ಪು, ಕಾಲ್‌ಸೈನ್ ತಪ್ಪು ಕೇಳಿದ್ದೆ. ಅವಕ್ಕೆ ಗೆರೆ ಎಳೆದು ಸಹಿ ಹಾಕಿ ಇದರ ಜೊತೆ ಕಳಿಸಿದ್ದೇನೆ. ನನ್ನ ತಪ್ಪಿಗೆ ಸಹಿ ಹಾಕಲು ನನಗೆ ನಾಚಿಕೆ ಇಲ್ಲ.

ಭೀಮಶಾ ಅವರಿಗೆ ನಾನು ಚಾಡಿ ಹೇಳುವುದಿಲ್ಲ. ಅದು ನಿನ್ನ ಕೆಲಸ.

ನನ್ನ ಕೆಲಸ ಹಾಜರಿ. ಎಕ್ಸ್‌ಚೇಂಜಿಗೆ ತಾನೇ ಜೋಡಿಸುವ ಯಂತ್ರ ಬಂದ ದಿನ ನನ್ನ ಹೆಡ್‌ಫೋನ್ ಕಳಚಿಸಿ, ಮೂಲೆಯ ಟೇಬಲ್ಲಿಗೆ ಹಾಕಿ, ಬಿಲ್ ಬರೆಸಿದರು. "ಇನ್ನ ನಿಮಗ ಮಾತಾಡೂ ತ್ರಾಸಿಲ್ಲ ಬಿಡ್ರಿ ಅಮ್ಮಾ" ಎಂದು ನಕ್ಕರು. ಅವತ್ತು ನಾನೂ ನಕ್ಕು ಸುಮ್ಮನಾದೆ. ಮನೆಗೆ ಬಂದು ಅತ್ತೆ. ಈ ಸಲ ಸುಮ್ಮನಾಗುವುದಿಲ್ಲ. ಯುಗಾದಿಯ ಬೆಳಿಗ್ಗೆ ಏಳು ಗಂಟೆಗೆ ನಾನು ಸೆಟ್ಟು ಹಚ್ಚುತ್ತೇನೆ. ಹನ್ನೊಂದು ವರ್ಷ ಕರೆದ ಹಾಗೆಯೇ ಇಪ್ಪತ್ತೊಂದು ಹೆಸರು ಕರೆಯುತ್ತೇನೆ. ಠರಾವು ನಿಮ್ಮ ಕಡತದಲ್ಲಿರಲಿ. ಲೈಸೆನ್ಸು ನನ್ನದು, ಸೆಟ್ಟು ನನ್ನದು, ಗಾಳಿ ಯಾರಪ್ಪನ ಗಂಟೂ ಅಲ್ಲ. ಒಬ್ಬರೂ ಉತ್ತರ ಕೊಡದಿದ್ದರೆ ಇಪ್ಪತ್ತೊಂದು ಸಾಲು 'ಉತ್ತರವಿಲ್ಲ' ಎಂದು ಬರೆದು ಮರುದಿನ ಮತ್ತೆ ಕರೆಯುತ್ತೇನೆ.

ಬಾಳೆಹಣ್ಣು ಕಳಿಸಿಲ್ಲ. ಈ ಪತ್ರಕ್ಕೆ ಎಪ್ಪತ್ಮೂರೂ ಇಲ್ಲ.

ದುಂಡಮ್ಮ

*

ಖೂಬಾ ಪ್ಲಾಟ್, ಕಲಬುರಗಿ
೨೭ ಮಾರ್ಚ್ ೨೦೨೫

ಅಕ್ಕಾ,

ನಿಮ್ಮ ಪತ್ರವನ್ನು ಪ್ರೀತಿ ನನಗಿಂತ ಮೊದಲು ಓದಿದಳು. ಓದಿ ನನ್ನ ಎದುರಿಗೆ ಇಟ್ಟು, "ಮೋರ್ಸ್ ಕಲ್ಸಿದಾಕಿನ್ನ ಸುಳ್ಳ ಬರೀತಾಳ ಅಂತ ಊರ ತುಂಬ ಮಾಡೀರಲ್ರೀ. ನಿಮಗ ಅನ್ನ ಹ್ಯಾಂಗ ಇಳೀತದ?" ಎಂದಳು. ಎರಡು ದಿನದಿಂದ ತಾಟು ನಾನೇ ಬಡಿಸಿಕೊಳ್ಳುತ್ತಿದ್ದೇನೆ.

ಆ ದಿನ ಬೆಳಿಗ್ಗೆ ಕೋಟೆ ಬಯಲಿಗೆ ಹೋದದ್ದು ನಿಜ. ಆಂಟೆನಾ ನೆಟ್ಟದ್ದೂ ನಿಜ. ಹತ್ತು ಗಂಟೆಗೆ ಬ್ಯಾಟರಿ ಕೈಕೊಟ್ಟಿತು. ಆಗ ಬರೀ ಹದಿನಾಲ್ಕು ಸಂಪರ್ಕವಾಗಿದ್ದವು. ಸ್ಪರ್ಧೆಯ ನಿಯಮ ಬರೆದವನು ನಾನು, ಎರಡು ಪಟ್ಟು ಅಂಕ ಇಡಿಸಿದವನೂ ನಾನು. ಆ ಮುಖ ಹೊತ್ತು ಹೇಗೆ ವಾಪಸು ಬರುವುದೆಂದು ಮಿಲ್ಲಿಗೆ ಹೋದೆ. ಅಲ್ಲಿ ಮಾಳಿಗೆ ಮೇಲೆ ಆಂಟೆನಾ ಇತ್ತು, ಕರೆಂಟು ಇತ್ತು. ಒಂದು ತಾಸು ಅಂದುಕೊಂಡದ್ದು ಸಂಜೆಯಾಯಿತು. ಒಮ್ಮೆ "ಕೋಟಿ ಬಯಲು" ಎಂದು ಬಾಯಿಂದ ಬಂದ ಮೇಲೆ ಮುಂದಿನವರಿಗೂ ಅದನ್ನೇ ಹೇಳಬೇಕಾಯಿತು.

ನಿಮ್ಮ ಲಾಗನ್ನು ಮೊದಲ ಸಲ ಕೆಡಿಸಿದ್ದು ಬೇಕೆಂದು ಅಲ್ಲ ಅಕ್ಕಾ. ಏಳೂ ಲಾಗುಗಳನ್ನು ಆರಿಸಿ ಒಂದೇ ಗುಂಡಿ ಒತ್ತಿದ್ದೆ, ನಿಮ್ಮ ಹಾಳೆ ನೋಡಲೇ ಇಲ್ಲ. ಎರಡನೆಯ ಸಲ ಮಾತ್ರ ಬೇಕೆಂದೇ ಕೆಡಿಸಿದೆ. ಇದಕ್ಕೆ ಏನು ಬರೆದರೂ ನೆಪವಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ.

ಇವತ್ತು ಭೀಮಶಾ ಕಾಕಾನ ಮನೆಗೆ ಹೋಗಿ ಎಲ್ಲ ಹೇಳಿ ಬಂದೆ. ಅವರು ಬಯ್ಯಲಿಲ್ಲ. "ನನ್ನ ಮುಂದ ಅಂದ್ರ ಏನ್ ಬಂತು? ಯಾರ ಹೆಸರ ಕೆಡಿಸೀದಿ ಅವರಿಗಿ ಬರಿ" ಎಂದರು. ನಿಮ್ಮ ಲಾಗನ್ನು ಮುಂದಕ್ಕೆ ಸರಿಸಿದ್ದೇನೆ. ಕೊನೆಯ ಕಾಲಂ ಪೂರ್ತಿ ಟೈಪ್ ಮಾಡಿದ್ದೇನೆ, ಕುಕ್ಕರು, ಅಜಾನ್, ಸೈರನ್ ಸಮೇತ. ಬಳಗದ ಎಲ್ಲರಿಗೂ ಹೊಸ ಪ್ರತಿ ಹೋಗಿದೆ. ಠರಾವು ರದ್ದಾಗಿದೆ. ಹಾಜರಿಯನ್ನು ನಿಮಗೆ ವಾಪಸು ಕೊಟ್ಟಿದ್ದೇವೆ. ಗೌತಮನಿಗೂ ಹೇಳಿದ್ದೇನೆ.

ನನ್ನ ಲಾಗಿನ ಪ್ರಿಂಟ್ ಇದರಲ್ಲಿದೆ. ನಲವತ್ತನಾಲ್ಕು ಸಾಲುಗಳಲ್ಲಿ 'ಕೋಟೆ ಬಯಲು, ಬ್ಯಾಟರಿ' ಎಂಬುದರ ಮೇಲೆ ಒಂದೊಂದೇ ಗೆರೆ ಎಳೆದು, 'ನಂದೂರ, ಮಿಲ್ಲು, ಕರೆಂಟು' ಎಂದು ಬರೆದು ಸಹಿ ಹಾಕಿದ್ದೇನೆ. ಕೆಳಗಿನ ಅಕ್ಷರ ಕಾಣುತ್ತದೆ. ಸ್ಪರ್ಧೆಯಿಂದ ಹೆಸರು ತೆಗೆಸಿದ್ದೇನೆ.

ಕೆಲವು ದಿನ ನಾನು ರೇಡಿಯೊಕ್ಕೆ ಬರುವುದಿಲ್ಲ. ನೀವು ಹೆಸರು ಕರೆದಾಗ ಯಾವ ಬಾಯಿಂದ ಹಾಜರ್ ಎನ್ನಲಿ? ಯುಗಾದಿಗೆ ಮಿಲ್ಲಿಗೆ ಎರಡು ದಿನ ರಜೆ. ಮನೆಯಲ್ಲೇ ಇರುತ್ತೇನೆ.

ವಿವೇಕಾನಂದ

*

ಕಮಲಾಪುರ
೩೦ ಮಾರ್ಚ್ ೨೦೨೫, ಯುಗಾದಿ

ವಿವೇಕಾನಂದನಿಗೆ,

ಪತ್ರ ನಿನ್ನೆ ಬಂತು. ಗೆರೆಗಳನ್ನು ಎಣಿಸಿದೆ. ನಲವತ್ತನಾಲ್ಕೂ ಇವೆ. ಮೂವತ್ತನೆಯ ಸಾಲಿನಲ್ಲಿ ಗೆರೆ ದಪ್ಪವಾಗಿ ಕೆಳಗಿನ ಅಕ್ಷರ ಮುಚ್ಚಿದೆ, ಇನ್ನೊಮ್ಮೆ ಬರೆದು ಕಳಿಸು.

ಹಾಜರಿಯನ್ನು ನನಗೆ ವಾಪಸು ಕೊಟ್ಟಿದ್ದೇವೆ ಎಂದು ಬರೆದಿದ್ದಿ. ಕೊಡಲಿಕ್ಕೆ 'ನಾವು' ಯಾರು? ನೀವು ಬೇಡವೆಂದಿದ್ದರೂ ನಾನು ಕರೆಯುವವಳೇ ಇದ್ದೆ. ಬೇವು ಬೆಲ್ಲಕ್ಕೂ ಮೊದಲು ಸೆಟ್ಟಿನ ಮುಂದೆ ಕೂತೆ. ಇದನ್ನು ಸಮಿತಿಯ ಕಡತದಲ್ಲಿ ಬರೆದು ಇಡು, ಮುಂದಿನವರಿಗೆ ಉಪಯೋಗವಾಗುತ್ತದೆ.

ಏಳಕ್ಕೆ ಸರಿಯಾಗಿ ಕರೆದೆ. ಭೀಮಶಾ ಅವರು ಮೊದಲು ಬಂದರು. "ಹಾಜರ್‌ರೀ ತಂಗಿ. ಹಬ್ಬದ ಶರಣಾರ್ಥಿ" ಎಂದರು. ಗೌತಮ ಬಂದ. ಅವನ ಹಿಂದೆ ಇವತ್ತು ಕುಕ್ಕರಿಲ್ಲ, ಹೋಳಿಗೆಯ ಹೂರಣ ರುಬ್ಬುವ ಮಿಕ್ಸರ್ ಇತ್ತು. "ಅಕ್ಕಾ, ಅದನ್ನೂ ಬರೀರಿ ಮತ್ತ" ಎಂದ. ಬರೆದೆ. ದೌಲಪ್ಪ ಕಾಕಾ ಬಂದರು, ಉಸಿರು ಹಗುರ. ಹೀಗೆ ಹತ್ತೊಂಬತ್ತು ಜನ ಬಂದರು. ಒಬ್ಬರು ಪರವೂರಿಗೆ ಹೋಗಿದ್ದಾರಂತೆ.

ಇಪ್ಪತ್ತೊಂದನೆಯ ಹೆಸರು ನಿನ್ನದು. ಕರೆಯಬೇಕೋ ಬೇಡವೋ ಎಂದು ಯೋಚಿಸಿದೆನೆಂದು ತಿಳಿಯಬೇಡ. ಸಿಟ್ಟು ಇನ್ನೂ ಇದೆ, ಚೆನ್ನಾಗಿ ಇದೆ. ಆದರೆ ಸಿಟ್ಟಿಗೆ ನನ್ನ ಲಾಗಿನಲ್ಲಿ ಕಾಲಂ ಇಲ್ಲ. ಕರೆದೆ. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ. ಯಾರೋ ಮೈಕಿನ ಗುಂಡಿ ಒತ್ತಿ ಹಿಡಿದರು. ಮಾತಿಲ್ಲ, ಯಂತ್ರದ ಗಡಗಡವೂ ಇಲ್ಲ, ಖಾಲಿ ಜಾಗದ ಸದ್ದು. ಆಮೇಲೆ ದೂರದಲ್ಲಿ ಸೈರನ್ ಮೊದಲು ಕೆಮ್ಮಿ, ಆಮೇಲೆ ಕೂಗಿತು.

ಮಿಲ್ಲಿಗೆ ಎರಡು ದಿನ ರಜೆ ಎಂದು ಬರೆದವನು ನೀನೇ. ರಜೆಯ ದಿನ ಸೈರನ್ನು ತಾನೇ ಕೂಗುವುದಿಲ್ಲ.

ನನ್ನ ನೋಟ್‌ಬುಕ್ಕಿನ ಸಾಲನ್ನು ಇಲ್ಲಿ ನಕಲು ಮಾಡಿದ್ದೇನೆ. ನಿನ್ನ ಸಾಫ್ಟ್‌ವೇರಿನಲ್ಲಿ ಒಂದಕ್ಷರ ಬಿಡದೆ ಹಾಕು. ವೇಳೆ ವಿಶ್ವ ವೇಳೆ. ಗುಂಡಿ ಒತ್ತಬೇಡ.

೦೧:೪೬. ವಿವೇಕಾನಂದ. ನಂದೂರ. ಮಾತಿಲ್ಲ. ಹಿಂದೆ ಮಿಲ್ಲಿನ ಸೈರನ್. ಹಾಜರ್.

ದುಂಡಮ್ಮ